ಗೆಳೆಯರ ಮುಂದೆ ‘ಬ್ಯಾಡ’ ಅನ್ನೋದು ಹೇಗೆ?

ನಾನು ಧಾರವಾಡದಲ್ಲಿ ಆಪ್ತ ಸಮಾಲೋಚಕಿ. ಚರ್ಚಿನ ಯೌವನಸ್ಥರ ಜೊತೆಗೂ ವರ್ಷಗಳಿಂದ ಇದ್ದೇನೆ. ಈ ಸಲ ಗುಂಪಿಗೆ ಬಂದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ವಿಷಯದ ಮೇಲಿದ್ದವು: ಜೊತೆಗಿರುವವರ ಒತ್ತಡ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ (ಬೆಟಗೇರಿ ಹುಡುಗ, 19 ವರ್ಷ): ಅಕ್ಕಾರ, ನಮಸ್ಕಾರ. ಬಿ.ಕಾಂ. ಓದಲು ಹುಬ್ಬಳ್ಳಿಗೆ ಬಂದು ವಿದ್ಯಾನಗರದಲ್ಲಿ ರೂಮ್ ಮಾಡಿದ್ದೇನೆ. ನಾಲ್ಕು ಜನ ಇದ್ದೇವೆ. ಉಳಿದ ಮೂವರೂ ಒಳ್ಳೆಯವರು. ನನಗೆ ಡೆಂಗಿ ಆದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದರು. ಆದರೆ ಶನಿವಾರ ಬಂತೆಂದರೆ ಬಿಯರ್. ಬೇಡ ಅಂದರೆ “ಏ ಪಾದ್ರಿ, ನಿಮ್ಮ ಯೇಸುನ ನೀರಿನಿಂದ ದ್ರಾಕ್ಷಾರಸ ಮಾಡ್ಯಾನಂತ, ನಿಂದೇನಲೇ ಮತ್ತ?” ಅಂತ ನಗುತ್ತಾರೆ. ಎರಡು ಸಲ ಹೊಟ್ಟೆ ಸರಿ ಇಲ್ಲ ಅಂದೆ. ಮೂರನೇ ಸಲ ಕುಡಿದೆ. ಮರುದಿನ ಚರ್ಚಿಗೆ ಹೋಗಲಿಲ್ಲ, ಅವ್ವನಿಗೆ ಹೋಗಿದ್ದೆ ಅಂತ ಫೋನಿನಲ್ಲಿ ಸುಳ್ಳು ಹೇಳಿದೆ. ಈಗ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಎದ್ದು ಹೋಗಲು ಕಾಲೇ ಬರುವುದಿಲ್ಲ. ನನ್ನ ನಂಬಿಕೆ ಇಷ್ಟೇನಾ? ರೂಮ್ ಬಿಡಲಾ?

ಉತ್ತರ: ತಮ್ಮಾ, ರೂಮಿನ ಮಾತು ಆಮೇಲೆ. ಮೊದಲು ಯೇಸುವಿನ ಶಿಷ್ಯ ಪೇತ್ರನ ಮಾತು ಆಡೋಣ.

ಪೇತ್ರ ಮೂರು ಸಲ ಯೇಸುವನ್ನು ಅಲ್ಲಗಳೆದದ್ದು ಸಂಡೇ ಸ್ಕೂಲಿನಲ್ಲಿ ಕೇಳಿರುತ್ತೀ. ಅದೇ ರಾತ್ರಿ ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡಿದ್ದ ನೋಡು. ತೋಟದಲ್ಲಿ ಹಿಡಿಯಲು ಬಂದವರ ಮುಂದೆ ಕತ್ತಿ ಹಿರಿದಿದ್ದ. ಮಲ್ಕನೆಂಬ ಆಳಿನ ಕಿವಿ ಕತ್ತರಿಸಿದ್ದ. ಆಯುಧ ಹಿಡಿದವರಿಗೆ ಹೆದರದವನು ಬಾಗಿಲು ಕಾಯುವ ಒಬ್ಬ ಹುಡುಗಿ “ನೀನೂ ಅವನ ಶಿಷ್ಯನಲ್ವಾ?” ಅಂದ ಕೂಡಲೇ “ಅಲ್ಲ” ಅಂದುಬಿಟ್ಟ. ಚಳಿ ಇತ್ತು. ಎಲ್ಲರೂ ಕೆಂಡ ಕಾಯಿಸಿಕೊಳ್ಳುತ್ತಿದ್ದರು. ಅವನೂ ಅವರ ನಡುವೆ ನಿಂತಿದ್ದ. ಆ ಬೆಚ್ಚಗಿನ ಜಾಗ ಕಳೆದುಕೊಳ್ಳುವುದು ಯಾರಿಗೂ ಬೇಕಿರುವುದಿಲ್ಲ.

ನೀನು ಬಿದ್ದದ್ದೂ ಅಲ್ಲೇ. ನಾಳೆ ಯಾರಾದರೂ ಬಂದು “ಯೇಸುವನ್ನು ಬಿಡು” ಅಂತ ಬೆದರಿಸಿದರೆ ನೀನು ಬಿಡುವವನಲ್ಲ ಅಂತ ನನಗೆ ಗೊತ್ತು. ಬೆದರಿಕೆಗೆ ಬಗ್ಗದ ಹುಡುಗರು ನಗೆಗೆ ಬಗ್ಗುತ್ತಾರೆ. ನಂಬಿಕೆ ಸುಳ್ಳಾಗಿದ್ದರಿಂದ ಹಾಗಾಗಲಿಲ್ಲ. ತಯಾರಿ ಇರಲಿಲ್ಲ, ಅಷ್ಟೇ.

ಈಗ ನಿನ್ನ ಹೊಟ್ಟೆಯ ವಿಷಯ. “ಹೊಟ್ಟೆ ಸರಿ ಇಲ್ಲ” ಅಂದೆಯಲ್ಲ, ಅಲ್ಲೇ ಎಡವಟ್ಟಾಯಿತು. ಹೊಟ್ಟೆ ಮುಂದಿನ ಶನಿವಾರ ಸರಿ ಹೋಗುತ್ತದೆ. ನೆಪ ಮುಗಿದ ದಿನ ನೀನು ಕುಡಿಯಲೇಬೇಕಾಗುತ್ತದೆ. ಪರೀಕ್ಷೆ ಇದೆ, ಮಾತ್ರೆ ತಗೊಂಡಿದ್ದೀನಿ, ಎಲ್ಲ ಹಾಗೇ. ಬೈಬಲ್ ವಚನ ಹೇಳಿದರೂ ಅಷ್ಟೇ, ವಾದಕ್ಕೆ ಕರೆದ ಹಾಗೆ. “ನಾ ಕುಡಿಯೂದಿಲ್ಲಲೇ” ಅನ್ನು, ಸಾಕು. ಎರಡನೇ ಸಲ ಕೇಳಿದರೂ ಅದೇ ಮಾತು, ಅದೇ ದನಿ. ಮೂರನೇ ಸಲವೂ ಅದೇ. ಸಿಟ್ಟು ಬೇಡ. ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡು. ನನ್ನ ಹತ್ತಿರ ಬರುವ ಹುಡುಗರಿಂದ ನಾನು ಜೋರಾಗಿಯೇ ಹೇಳಿಸುತ್ತೇನೆ. ಮೊದಮೊದಲು ನಾಚಿಕೊಂಡು ನಗುತ್ತಾರೆ. ಆದರೆ ಬಾಯಿಗೆ ಒಮ್ಮೆ ರೂಢಿಯಾದ ಮಾತು ನಾಲ್ಕು ಜನರ ಮುಂದೆ ತಾನಾಗೇ ಬರುತ್ತದೆ.

ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ತೆಗೆದು ಅವರು ಅಂದಿದ್ದು ಪ್ರಶ್ನೆ ಅಲ್ಲ, ಚಾಷ್ಟಿ. ಚಾಷ್ಟಿಗೆ ಪ್ರಸಂಗ ಮಾಡಬೇಡ. “ಅಂವ ನೀರಿನಿಂದ ಮಾಡಿದ, ನೀವು ನನ್ನ ರೊಕ್ಕದಿಂದ ಮಾಡಾಕತ್ತೀರಿ” ಅನ್ನು, ಅವರೇ ನಗುತ್ತಾರೆ.

ಶನಿವಾರ ಕೈ ಖಾಲಿ ಇಟ್ಟುಕೊಂಡು ಕೂರಬೇಡ. ಖಾಲಿ ಕೈ ಕಂಡರೆ ಗ್ಲಾಸು ಕೊಡಬೇಕು ಅನಿಸುತ್ತದೆ. ತಿನ್ನೋದು ತರುವ ಕೆಲಸ ನೀನೇ ವಹಿಸಿಕೋ. ಗಿರಮಿಟ್ಟು, ನಾಲ್ಕು ಬಿಸಿ ಮಿರ್ಚಿ ಹಿಡಿದು ಒಳಗೆ ಬಂದವನನ್ನು ಯಾರೂ ಹೊರಗಿನವನು ಅನ್ನುವುದಿಲ್ಲ. ಒಂದು ಗಂಟೆ ಕೂತು ಹರಟೆ ಹೊಡೆದು ಎದ್ದುಬಿಡು. ಮೂರನೇ ಬಾಟಲಿ ಆದಮೇಲೆ ನಿನ್ನ “ಬ್ಯಾಡ”ಕ್ಕೆ ಬೆಲೆ ಇರುವುದಿಲ್ಲ, ಕೇಳುವವರ ತಲೆಯೂ ನೆಟ್ಟಗಿರುವುದಿಲ್ಲ.

ಇನ್ನೊಂದು, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. 1951ರಲ್ಲಿ ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳಿದ. ಚಿಕ್ಕ ಮಕ್ಕಳೂ ಹೇಳುವಂಥದ್ದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು, ಬೇಕಂತಲೇ ತಪ್ಪು ಹೇಳುತ್ತಿದ್ದರು. ಹಾಗೆ ಒಂಟಿಯಾಗಿ ಕೂತವರಲ್ಲಿ ನಾಲ್ವರಿಗೆ ಮೂವರು ಒಂದು ಸಲವಾದರೂ ಗುಂಪಿನ ತಪ್ಪನ್ನೇ ಸರಿ ಅಂದರು. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲೇ ಹೀಗೆ! ಆದರೆ ಆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದಾಗ ಹಾಗೆ ಮಣಿಯುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು.

ಅದಕ್ಕೇ ಆ ಮೂವರನ್ನು ಚೆನ್ನಾಗಿ ಗಮನಿಸು. ಒಬ್ಬ ಗ್ಲಾಸು ಹಿಡಿದು ಬರೀ ತುಟಿ ತಾಗಿಸಿ ಇಡುತ್ತಿರಬಹುದು. ಒಬ್ಬನಿಗೆ ಮನೆಯಲ್ಲಿ ಅಪ್ಪನ ಕುಡಿತದ ಕಥೆ ಇರಬಹುದು. ಅವನು ಕ್ರೈಸ್ತನೇ ಆಗಿರಬೇಕಿಲ್ಲ. ಅವನೂ ನಿನ್ನ ಹಾಗೇ ಯಾರಾದರೂ ಮೊದಲು ಹೇಳಲಿ ಅಂತ ಕಾಯುತ್ತಿರಬಹುದು.

ರೂಮ್ ಬಿಡಬೇಡ, ಈಗಲೇ ಅಂತೂ ಬೇಡ. ಡೆಂಗಿ ಬಂದಾಗ ರಾತ್ರಿ ಕೂತವರು ಅವರು. ಬಲವಂತವಾಗಿ ಬಾಯಿಗೆ ಹಿಡಿದರೆ, ವಿಡಿಯೋ ಮಾಡಿ ಹೆದರಿಸಿದರೆ ಮಾತು ಬೇರೆ. ಆಗ ಒಂದು ದಿನವೂ ಇರಬೇಡ.

ಅವ್ವನಿಗೆ ಹೇಳು. ಫೋನಿನಲ್ಲಿ ಬೇಡ, ಊರಿಗೆ ಹೋದಾಗ ಹೇಳು. ಸಭಾಪಾಲಕರನ್ನೂ ಒಮ್ಮೆ ಕಂಡು ಬಾ. ಪೇತ್ರನಿಗೆ ಎರಡನೇ ಕೆಂಡ ಸಿಕ್ಕಿತ್ತು, ಯೋಹಾನ 21ನೇ ಅಧ್ಯಾಯ ಓದು. ಸಮುದ್ರದ ದಂಡೆ, ಬೆಳಗಿನ ಹೊತ್ತು, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಮೊದಲು ಊಟಕ್ಕೆ ಕರೆದ. ಆಮೇಲೆ ಮೂರು ಸಲ “ನನ್ನನ್ನು ಪ್ರೀತಿಸುತ್ತೀಯಾ?” ಅಂತ ಕೇಳಿದ. “ಯಾಕೆ ಹಾಗೆ ಮಾಡಿದೆ?” ಅಂತ ಮಾತ್ರ ಒಂದು ಸಲವೂ ಕೇಳಲಿಲ್ಲ.

ಹುಬ್ಬಳ್ಳಿಯ ಹಿರಿಯರೊಬ್ಬರು ಬರೆದದ್ದು: ಮೇಡಂ, ನೀವು ಬಹಳ ಸಡಿಲ ಬಿಟ್ಟಿರಿ. ಬೆಳಕಿಗೂ ಕತ್ತಲೆಗೂ ಏನು ಸಂಬಂಧ ಅಂತ ಬೈಬಲಿನಲ್ಲಿ ಪೌಲನೇ ಕೇಳಿದ್ದಾನೆ. ನಮ್ಮ ಹಿರಿಯರು ನಂಬಿಕೆಗಾಗಿ ಮನೆ, ಜಾತಿ, ಊರು ಬಿಟ್ಟು ಬಂದರು. ಇವನಿಗೆ ಒಂದು ರೂಮ್ ಬಿಡಲು ಆಗುವುದಿಲ್ಲವೇ?

ಉತ್ತರ: ಹಿರಿಯರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನಮ್ಮ ಹಿರಿಯರ ಕಥೆಯನ್ನು ಇನ್ನಷ್ಟು ಓದಿ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ. ನಂಬಿಕೆಗೆ ಬಂದವರನ್ನು ಮನೆಯವರು ಹೊರಗೆ ಹಾಕಿದರು, ಕುಲಕಸುಬೂ ಹೋಯಿತು. ಆಗ ಮಿಶನ್ ಅವರನ್ನು ಒಂಟಿಯಾಗಿ ಬಿಡಲಿಲ್ಲ. ಕರಾವಳಿಯಲ್ಲಿ ನೇಯ್ಗೆ, ಹೆಂಚಿನ ಕಾರ್ಖಾನೆ ಕಟ್ಟಿ ಕೆಲಸ ಕೊಟ್ಟಿತು, ಅಕ್ಕಪಕ್ಕ ಮನೆ ಮಾಡಿ ಇರಿಸಿತು. ಬಿಟ್ಟು ಬಂದವರಿಗೆ ಸೇರಿಕೊಳ್ಳಲು ಒಂದು ಜಾಗ ಇತ್ತು. ಈ ಹುಡುಗ ರೂಮ್ ಬಿಟ್ಟು ನಿಮ್ಮ ಚರ್ಚಿಗೆ ಬಂದರೆ ಆರಾಧನೆ ಮುಗಿದ ಮೇಲೆ ಊಟಕ್ಕೆ ಕರೆಯುವವರು ಯಾರು? ಕೊಂಕಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ನೀವೇ ಕರೆದರೆ ಬಹಳ ಒಳ್ಳೆಯದು.

ಪೌಲನ ಮಾತಿಗೆ ಬಂದರೆ, ಲೋಕದವರ ಸಹವಾಸವನ್ನೇ ಪೂರ್ತಿ ಬಿಡುವುದಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಅಂತಲೂ ಅವನೇ ಬರೆದಿದ್ದಾನೆ, 1 ಕೊರಿಂಥ 5ರಲ್ಲಿ.

ಪ್ರಶ್ನೆ (ಹಾವೇರಿಯಿಂದ ಒಬ್ಬ ತಾಯಿ): ಮಗನಿಗೆ 16. ಮನೆಯಲ್ಲಿ ಹಸುವಿನ ಹಾಗೆ ಸಾಧು. ಗೆಳೆಯರ ಜೊತೆ ಬೈಕ್ ಹತ್ತಿದರೆ ಬೇರೇನೇ ಆಗುತ್ತಾನಂತೆ. ನಾವು ಕಲಿಸಿದ್ದೆಲ್ಲ ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಿಲ್ಲ ತಾಯಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರ್ ಓಡಿಸುವ ಆಟ ಕೊಟ್ಟಿದ್ದರು. ಒಬ್ಬರೇ ಆಡಿದಾಗ ಹದಿಹರೆಯದವರಿಗೂ ದೊಡ್ಡವರಿಗೂ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ಗೆಳೆಯರು ನೋಡುತ್ತಿರುವಾಗ ಹದಿಹರೆಯದವರ ಹುಚ್ಚಾಟ ಬಹಳ ಜಾಸ್ತಿಯಾಯಿತು, ದೊಡ್ಡವರದು ಹೆಚ್ಚುಕಡಿಮೆ ಹಾಗೇ ಇತ್ತು. ಆದ್ದರಿಂದ ಮನೆಯಲ್ಲಿ ಎಷ್ಟು ಸಾಧು ಅನ್ನುವುದರ ಮೇಲೆ ಲೆಕ್ಕ ಹಾಕಬೇಡಿ. ಗೇರ್ ಬೈಕಿಗೆ ಲೈಸೆನ್ಸ್ ಸಿಗದ ವಯಸ್ಸು, ಬೈಕಿನ ಕೀಲಿ ನಿಮ್ಮ ಹತ್ತಿರ ಇರಲಿ. ಒಂದು ಒಪ್ಪಂದವನ್ನೂ ಮಾಡಿಕೊಳ್ಳಿ: ಎಲ್ಲೇ ಇರಲಿ, ಎಷ್ಟೇ ಹೊತ್ತಾಗಿರಲಿ, “ಅವ್ವಾ, ಬಾ” ಅಂತ ಫೋನ್ ಮಾಡಿದರೆ ಹೋಗಿ ಕರೆದುಕೊಂಡು ಬರುತ್ತೀರಿ, ಆ ರಾತ್ರಿ ಬೈಯುವುದಿಲ್ಲ. ಬೈಯುವುದಿದ್ದರೆ ಮರುದಿನ ನಾಷ್ಟಾ ಆದಮೇಲೆ.

ಪ್ರಶ್ನೆ (ಧಾರವಾಡದ ಹುಡುಗಿ, 20): ಅಕ್ಕಾ, ನನ್ನದು ಉಲ್ಟಾ. ಕಾಲೇಜಿನವರು ಏನೂ ಅನ್ನುವುದಿಲ್ಲ. ನಮ್ಮ ಯೌವನಸ್ಥರ ಕೂಟದಲ್ಲೇ ಒತ್ತಡ. ಜೋರಾಗಿ ಅತ್ತು ಪ್ರಾರ್ಥಿಸದಿದ್ದರೆ “ಆತ್ಮಿಕಳಲ್ಲ” ಅಂತಾರೆ. ಗೆಳತಿಯ ಮನೆಯ ಗಣಪತಿ ಹಬ್ಬದ ಊಟಕ್ಕೆ ಹೋಗಿದ್ದಕ್ಕೆ ಮೂರು ವಾರ ಯಾರೂ ಮಾತಾಡಲಿಲ್ಲ.

ಉತ್ತರ: ನೀನು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೇತ್ರ ಎರಡನೇ ಸಲ ಜಾರಿದ್ದು ಇದೇ ಥರದ ಒತ್ತಡಕ್ಕೆ. ಅಂತಿಯೋಕ್ಯ ಊರಿನಲ್ಲಿ ಯೆಹೂದ್ಯರಲ್ಲದ ಅನ್ಯಜನರ ಜೊತೆ ಆರಾಮಾಗಿ ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ತನ್ನವರೇ ಬಂದ ಕೂಡಲೇ ಅವರಿಗೆ ಅಂಜಿ ಎದ್ದು ಬೇರೆ ಕೂತ. ಪೌಲ ಎಲ್ಲರ ಎದುರಿಗೇ ಗದರಿದ. ಗಲಾತ್ಯ 2ರಲ್ಲಿದೆ.

ಹಬ್ಬದ ಊಟಕ್ಕೂ ಪೂಜೆಯಲ್ಲಿ ಪಾಲ್ಗೊಳ್ಳುವುದಕ್ಕೂ ಗೆರೆ ಎಲ್ಲಿ ಎಳೆಯಬೇಕು ಅಂತ ನಮ್ಮ ಸಭೆಗಳಲ್ಲೇ ಒಂದೇ ಮಾತಿಲ್ಲ. 1 ಕೊರಿಂಥ 8ರಿಂದ 10ರವರೆಗೆ ನೀನೇ ಓದಿ, ಮನಸ್ಸಾಕ್ಷಿಗೆ ಒಪ್ಪುವುದನ್ನು ತೀರ್ಮಾನಿಸು. ಕೂಟದವರು ಮುಖ ತಿರುಗಿಸುತ್ತಾರೆ ಅಂತ ಮಾತ್ರ ತೀರ್ಮಾನಿಸಬೇಡ. ಪ್ರಾರ್ಥನೆಯ ಸದ್ದು ಅಳೆಯುವವರಿಗೆ ನಾನೇನೂ ಹೇಳುವುದಿಲ್ಲ, ಸಿಟ್ಟು ಬರುತ್ತದೆ. ಮೂರು ವಾರದ ಮೌನದಿಂದ ನಿದ್ದೆ, ಊಟ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಊರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ.

ಬೆಟಗೇರಿ ಹುಡುಗ, ಎರಡು ವಾರದ ನಂತರ: ಅಕ್ಕಾರ, ಮೊದಲ ಶನಿವಾರ ಮಾತು ಬಾಯಲ್ಲೇ ಉಳಿಯಿತು, ಸುಮ್ನೆ ಎದ್ದು ಉಣಕಲ್ ಕೆರೆ ಕಡೆ ಹೋಗಿಬಿಟ್ಟೆ. ಎರಡನೇ ಶನಿವಾರ ಹೇಳಿದೆ. “ಪಾದ್ರಿ” ಅನ್ನುವುದನ್ನು ಬಿಟ್ಟಿಲ್ಲ. ಆದರೆ ನರಗುಂದದ ಹುಡುಗ ತನ್ನ ಗ್ಲಾಸು ಪಕ್ಕಕ್ಕಿಟ್ಟು “ನಂಗೂ ಇವತ್ತ ಮಿರ್ಚಿನ ಸಾಕಲೇ” ಅಂದ. ಅವ್ವನಿಗೆ ಇನ್ನೂ ಹೇಳಿಲ್ಲ. ನಿನ್ನೆ ಆರಾಧನೆಗೆ ಹೊರಟೆ, ಏಳುವುದು ತಡವಾಗಿ ಅರ್ಧಕ್ಕೆ ಹೋದೆ.

ಉತ್ತರ: ಅರ್ಧ ಸಿಕ್ಕಿತಲ್ಲ. ಮುಂದಿನ ಶನಿವಾರ ರಾತ್ರಿ ಎರಡು ಅಲಾರಂ ಇಟ್ಟು ಮಲಗು. ಎರಡನೆಯದು ನರಗುಂದದವನ ಫೋನಿನಲ್ಲಿ ಇರಲಿ.