ಗೇಟಿನ ಕ್ಯಾಮೆರಾ ಸಂಜೆಯಾದರೆ ಕೈಕೊಡುತ್ತೆ: ವೈಫೈ 2.4 ಗಿಗಾಹರ್ಟ್ಸ್‌ನಲ್ಲೇ ಇರಲಾ, 5ಕ್ಕೆ ಹೋಗಲಾ?

ಗೇಟ್‌ಕಾವಲು:

ಎಲ್ಲರಿಗೂ ನಮಸ್ಕಾರ. ಮನೆಗೆ ಮೂರು ವೈಫೈ ಕ್ಯಾಮೆರಾ ಹಾಕಿಸಿದ್ದೇನೆ. ಗೇಟಿಗೆ ಒಂದು, ಹಿತ್ತಲಿಗೆ ಒಂದು, ಒಳಗೆ ಮೆಟ್ಟಿಲ ಹತ್ತಿರ ಒಂದು. ನಾನು ಕೆಲಸ ಮುಗಿಸಿ ಬರುವುದು ರಾತ್ರಿ. ಅಲ್ಲಿವರೆಗೆ ಅಮ್ಮ ಒಬ್ಬರೇ ಇರುತ್ತಾರೆ. ಹಾಗಾಗಿ ಗೇಟಿನ ಕ್ಯಾಮೆರಾ ನನಗೆ ತುಂಬಾ ಮುಖ್ಯ.

ಹಗಲೆಲ್ಲ ಚೆನ್ನಾಗಿರುತ್ತೆ. ಏಳು ಗಂಟೆ ಆಯಿತೋ ಇಲ್ಲವೋ, ಚಿತ್ರ ನಿಂತು ನಿಂತು ಬರುತ್ತೆ, ಆಮೇಲೆ ಆಫ್‌ಲೈನ್. ಮೊನ್ನೆ ಯಾರೋ ಬಂದು ಗೇಟ್ ಬಡಿದರಂತೆ. ರೆಕಾರ್ಡಿಂಗ್ ತೆಗೆದು ನೋಡಿದರೆ, ಚಿಲಕದ ಕಡೆ ಚಾಚಿದ ಒಂದು ಕೈ ಕಾಣುತ್ತೆ. ಅದರ ಮುಂದಿನ ಚಿತ್ರದಲ್ಲಿ ಗೇಟಿನ ಮುಂದೆ ಯಾರೂ ಇಲ್ಲ. ನಡುವೆ 40 ಸೆಕೆಂಡ್ ಮಾಯ. ಮುಖ ನೋಡೋಣ ಅಂದ್ರೆ ಮುಖವೇ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ರೂಟರ್‌ನ ಚಾನೆಲ್ (ವೈಫೈ ಹಿಡಿಯುವ ತರಂಗದ ದಾರಿ) ಆಟೋದಲ್ಲಿತ್ತು, ರೂಟರೇ ಆರಿಸುತ್ತಿತ್ತು. ಸುತ್ತಲಿನ ವೈಫೈಗಳನ್ನು ತೋರಿಸುವ ವೈಫೈ ಅನಲೈಜರ್ ಆ್ಯಪ್ ಹಾಕಿ ನೋಡಿದೆ, ಚಾನೆಲ್ 4ರಲ್ಲಿ ಯಾರೂ ಇರಲಿಲ್ಲ. ಅದನ್ನೇ ಇಟ್ಟೆ. ಇನ್ನೂ ಜಾಸ್ತಿ ಕೆಟ್ಟಿತು. ಚಾನೆಲ್ ಅಗಲ 40 ಮೆಗಾಹರ್ಟ್ಸ್‌ನಲ್ಲಿದೆ. ಗೇಟು ಮತ್ತು ಹಿತ್ತಲಿನ ಕ್ಯಾಮೆರಾಗಳಿಗೆ 2.4 ಮಾತ್ರ ಗೊತ್ತು, ಮೆಟ್ಟಿಲಿನದಕ್ಕೆ 5 ಕೂಡ ಬರುತ್ತೆ. ಎಲ್ಲವನ್ನೂ 5 ಗಿಗಾಹರ್ಟ್ಸ್‌ನ ಕ್ಯಾಮೆರಾಗೆ ಬದಲಿಸಿದರೆ ಸರಿಹೋಗುತ್ತಾ?

ಹಳೇರೇಡಿಯೊ:

ಕ್ಯಾಮೆರಾ ಬದಲಿಸಬೇಡಿ. ಮೊದಲು 4ನ್ನು ಬಿಡಿ.

ಆ್ಯಪ್‌ನಲ್ಲಿ 4 ಖಾಲಿ ಕಂಡಿದ್ದು ನಿಜ, ಆದರೆ ಅಲ್ಲಿ ಜಾಗ ಖಾಲಿ ಇಲ್ಲ. 2.4ರಲ್ಲಿ ಒಂದು ಚಾನೆಲ್‌ಗೂ ಪಕ್ಕದ್ದಕ್ಕೂ ಇರುವ ದೂರ ಬರೀ 5 ಮೆಗಾಹರ್ಟ್ಸ್. ಒಂದು ರೂಟರ್ ಹಿಡಿಯುವ ಅಗಲ ಕಡಿಮೆ ಅಂದ್ರೂ ಸುಮಾರು 20. ನೀವು 4ರಲ್ಲಿ ಕೂತರೆ ನಿಮ್ಮ ಸಿಗ್ನಲ್ 2417ರಿಂದ 2437 ಮೆಗಾಹರ್ಟ್ಸ್‌ವರೆಗೆ ಹರಡುತ್ತೆ. 1ರಲ್ಲಿ ಇರುವವರು 2422ರವರೆಗೂ ಬರುತ್ತಾರೆ. 6ರವರದು 2427ಕ್ಕೇ ಶುರು. ಎರಡೂ ಕಡೆಯವರಿಂದ ನಿಮಗೆ ಏಟು. ಅಗಲ 40 ಇಟ್ಟಿದ್ದರಿಂದ ಅದು ಇನ್ನೂ ಜಾಸ್ತಿ.

ಪಕ್ಕದ ಮನೆಯವರ ಚಾನೆಲ್‌ನಲ್ಲೇ ಕೂತರೂ ಪರವಾಗಿಲ್ಲ. ಒಂದೇ ಚಾನೆಲ್ ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳುತ್ತೆ, ಸರದಿ ಕಾಯುತ್ತವೆ. ಅರ್ಧಂಬರ್ಧ ತಾಗಿದರೆ ಅದು ಬರೀ ಗದ್ದಲ. ಪ್ಯಾಕೆಟ್ (ಡೇಟಾದ ತುಣುಕು) ಹಾಳಾಗುತ್ತೆ, ಮತ್ತೆ ಮತ್ತೆ ಕಳಿಸಬೇಕಾಗುತ್ತೆ. ಅದಕ್ಕೇ ಒಂದಕ್ಕೊಂದು ತಾಗದ 1, 6, 11 ಈ ಮೂರರಲ್ಲೇ ಒಂದನ್ನು ಆರಿಸಿ, ಅಗಲ 20 ಮಾಡಿ. 1080ಪಿ ಕ್ಯಾಮೆರಾಗೆ ಸಾಮಾನ್ಯವಾಗಿ ಬೇಕಾಗುವುದು 2ರಿಂದ 4 ಎಂಬಿಪಿಎಸ್. ಅದಕ್ಕೆ 40 ಯಾಕೆ ಬೇಕು ಹೇಳಿ.

ಮೂರರಲ್ಲಿ ಯಾವುದು ಅಂತ ಮಧ್ಯಾಹ್ನ ನೋಡಬೇಡಿ. ಸಂಜೆ ಏಳೂವರೆಗೆ, ಎಲ್ಲರೂ ಮನೆಗೆ ಬಂದು ವಿಡಿಯೊ ಹಚ್ಚಿಕೊಂಡಿರುವಾಗ ನೋಡಿ. ಗೇಟಿನ ಹತ್ತಿರ ನಿಂತು ಒಂದು ಸಲ, ರೂಟರ್ ಹತ್ತಿರ ಒಂದು ಸಲ. ಕ್ಯಾಮೆರಾ ತನ್ನ ಸರದಿ ಕಾಯುವುದು ಗೇಟಿನಲ್ಲಿ ಕೇಳುವ ಸದ್ದನ್ನು ನೋಡಿ, ವಿಡಿಯೊ ಬಂದು ಮುಟ್ಟುವುದು ರೂಟರ್‌ಗೆ. ಎರಡೂ ಕಡೆ ಸುಮಾರಾಗಿ ಶಾಂತವಾಗಿರಬೇಕು. ಎಷ್ಟು ನೆಟ್‌ವರ್ಕ್ ಇವೆ ಅಂತ ಸುಮ್ನೆ ಎಣಿಸಬೇಡಿ, ಎಷ್ಟು ಜೋರಾಗಿವೆ ಅಂತಲೂ ನೋಡಿ. ಆ್ಯಪ್ ಅದನ್ನು ಮೈನಸ್ ಅಂಕೆಯಲ್ಲಿ ತೋರಿಸುತ್ತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಮೈನಸ್ 85ರಲ್ಲಿ ಕಾಣುವ ಮೂರು ನೆಟ್‌ವರ್ಕ್‌ಗಿಂತ ಮೈನಸ್ 50ರ ಒಂದೇ ನೆಟ್‌ವರ್ಕ್ ಜಾಸ್ತಿ ಕಾಟ ಕೊಡುತ್ತೆ.

ಇನ್ನೊಂದು ಮಾತು. ಕತ್ತಲಾದ ಮೇಲೆ ಚಿತ್ರದಲ್ಲಿ ಕಾಳು ಕಾಳು ಬರುತ್ತಲ್ಲ, ಅಂಥ ಚಿತ್ರದ ಡೇಟಾ ಕುಗ್ಗಿಸುವುದು ಕಷ್ಟ. ಹಾಗಾಗಿ ಕೆಲವು ಕ್ಯಾಮೆರಾ ರಾತ್ರಿ ಜಾಸ್ತಿ ಡೇಟಾ ಕಳಿಸುತ್ತವೆ. ಗಾಳಿಯಲ್ಲಿ ಗದ್ದಲ ಹೆಚ್ಚಾಗುವ ಹೊತ್ತಿಗೇ ಕ್ಯಾಮೆರಾದ ಹೊರೆಯೂ ಹೆಚ್ಚಾಗುತ್ತೆ. ಸೆಟ್ಟಿಂಗ್‌ನಲ್ಲಿ ಬಿಟ್‌ರೇಟಿಗೆ (ಸೆಕೆಂಡಿಗೆ ಕಳಿಸುವ ಡೇಟಾಗೆ) ಮಿತಿ ಹಾಕುವ ಅವಕಾಶ ಇದ್ದರೆ ಹಾಕಿ. ಕ್ಯಾಮೆರಾದ ಆ್ಯಪ್‌ನಲ್ಲಿ ಸಿಗ್ನಲ್ ಎಷ್ಟು ತೋರಿಸುತ್ತೆ ಅಂತಲೂ ಬರೆಯಿರಿ.

ಮಹಡಿಮೆಟ್ಟಿಲು:

5ರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 5ರಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಅದು ಗೋಡೆ ದಾಟುವಾಗ ಬೇಗ ಸೋಲುತ್ತೆ. ನನ್ನ ಹೊರಗಿನ ಕ್ಯಾಮೆರಾ ಎರಡು ಗೋಡೆ ಆಚೆ ಇತ್ತು. 2.4ರಲ್ಲಿ ನಡೆಯುತ್ತಿದ್ದದ್ದು 5ರಲ್ಲಿ ಸೇರಲೇ ಇಲ್ಲ. ರೂಟರ್ ನೇರ ಕಾಣುವ ಒಳಗಿನ ಕ್ಯಾಮೆರಾಗೆ ಮಾತ್ರ 5 ಇಟ್ಟಿದ್ದೇನೆ. ನೀವೂ ಮೆಟ್ಟಿಲಿನದನ್ನು 5ಕ್ಕೆ ಕಳಿಸಿ, 2.4ರಲ್ಲಿ ಗೇಟಿನದಕ್ಕೆ ಅಷ್ಟು ಹೊತ್ತು ಉಳಿಯುತ್ತೆ.

ಚಾನೆಲ್ ಮಾತ್ರ 36ರಿಂದ 48ರ ಒಳಗೆ ಇರಲಿ. 52ರಿಂದ 144ರವರೆಗಿನವು ಬಹಳಷ್ಟು ದೇಶಗಳಲ್ಲಿ ರಡಾರ್ ಜೊತೆ ಹಂಚಿಕೊಂಡವು. ರಡಾರ್ ಸದ್ದು ಕೇಳಿದರೆ ರೂಟರ್ ಆ ಚಾನೆಲ್ ಬಿಡಲೇಬೇಕು. ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋದರೆ ಅಲ್ಲಿ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡ ಮೇಲೇ ಶುರು ಮಾಡಬೇಕು. ಫೋನಿಗೆ ಅದು ದೊಡ್ಡ ವಿಷಯ ಅಲ್ಲ. ಕ್ಯಾಮೆರಾಗೆ ಆ ಒಂದು ನಿಮಿಷವೇ ಎಲ್ಲ, ಅಲ್ವಾ?

ತಂತಿಪ್ರೀತಿ:

ಚಾನೆಲ್ ಜೊತೆಗೆ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇರಲಿ. ವೈಫೈ ಹೋದರೂ ರೆಕಾರ್ಡಿಂಗ್ ಕಾರ್ಡ್‌ನಲ್ಲಿ ಉಳಿಯುತ್ತೆ. ನಿಮ್ಮ ಆ 40 ಸೆಕೆಂಡ್ ಸಿಗುತ್ತಿತ್ತು.

ಗೇಟ್‌ಕಾವಲು:

ಒಂದು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಸಂಜೆ 7.40ಕ್ಕೆ ಗೇಟಿನಲ್ಲಿ ನಿಂತು ನೋಡಿದೆ. 6ರಲ್ಲಿ ಐದು ನೆಟ್‌ವರ್ಕ್, ಎಲ್ಲಕ್ಕಿಂತ ಜೋರಾದದ್ದು ಮೈನಸ್ 52. 11ರಲ್ಲಿ ಎರಡು, ಎರಡೂ ಮೈನಸ್ 60ರ ಆಸುಪಾಸು. 1ರಲ್ಲೂ ಎರಡೇ, ಆದರೆ ಮೈನಸ್ 84 ಮತ್ತು 86. ರೂಟರ್ ಹತ್ತಿರವೂ ಹೆಚ್ಚುಕಡಿಮೆ ಹೀಗೇ ಇತ್ತು. 1 ಇಟ್ಟೆ, ಆಟೋ ತೆಗೆದೆ, ಅಗಲ 20 ಮಾಡಿದೆ. ನಿಂತು ನಿಂತು ಬರುವುದು ಅರ್ಧ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ.

ಹಳೇರೇಡಿಯೊ ಅವರು ಸಿಗ್ನಲ್ ಕೇಳಿದ್ದರಲ್ಲ, ಆಗಲೇ ನೋಡಿದ್ದು: ಮೈನಸ್ 80. ನಮ್ಮ ರೂಟರ್ ಕಬ್ಬಿಣದ ಬೀರುವಿನ ಹಿಂದೆ ಇತ್ತು. ಬೀರು ಸರಿಯಾಗಿ ಗೇಟಿಗೆ ಅಡ್ಡ. ರೂಟರ್ ತೆಗೆದು ಗೇಟಿನ ಕಡೆಯ ಕಿಟಕಿ ಪಕ್ಕ, ಎದೆಯ ಎತ್ತರಕ್ಕೆ ಇಟ್ಟೆ. ಮೈನಸ್ 66ಕ್ಕೆ ಬಂತು. ಆವತ್ತಿನಿಂದ ಐದು ಸಂಜೆ ಕಳೆದಿವೆ, ಒಂದು ಸಲವೂ ಆಫ್‌ಲೈನ್ ಆಗಿಲ್ಲ. ಮೆಟ್ಟಿಲಿನದು 5ರಲ್ಲಿ, ಚಾನೆಲ್ 36. ಕಾರ್ಡ್ ಕೂಡ ಹಾಕಿದೆ.

ನಿನ್ನೆ ಎಂಟೂಕಾಲಿಗೆ ಅಮ್ಮ ಫೋನ್ ಮಾಡಿ, ಗೇಟ್ ಹತ್ತಿರ ಯಾರೋ ನಿಂತಿದ್ದಾರೆ ಅಂದರು. ತೆರೆದು ನೋಡಿದೆ. ಮುಖ, ಕೈಯಲ್ಲಿದ್ದ ಪಾರ್ಸೆಲ್, ಎಲ್ಲ ಸ್ಪಷ್ಟ. ತೆಗಿಯಮ್ಮ, ನಾನೇ ತರಿಸಿದ್ದು ಅಂದೆ.