ರೇಷ್ಮೆ ಚಿಟ್ಟೆಯಲ್ಲಿ ತಾಯಿ ಅಂದ್ರೆ, ಮನುಷ್ಯರಲ್ಲೂ ತಾಯಿನೇನಾ?

ಹಿಪ್ಪುನೇರಳೆ:
ನಾವು ಶಿಡ್ಲಘಟ್ಟದ ಕಡೆಯವರು, ಮನೆಯಲ್ಲಿ ಹುಳ ಮೇಯಿಸ್ತೀವಿ. ತಂಗಿಗೆ ಎರಡನೆಯದೂ ಹೆಣ್ಣಾಯಿತು. ಅವಳ ಅತ್ತೆ ಮಗು ನೋಡೋಕೂ ಬಂದಿಲ್ಲ. ತಂಗಿ ಗಂಡ ಯಾವುದೋ ತರಬೇತಿಯಲ್ಲಿ 'ಮರಿ ಗಂಡೋ ಹೆಣ್ಣೋ ಅನ್ನೋದು ಹೆಣ್ಣು ಚಿಟ್ಟೆಯಿಂದ' ಅಂತ ಕೇಳಿಕೊಂಡು ಬಂದು, 'ವಿಜ್ಞಾನನೇ ಹೇಳುತ್ತೆ, ತಪ್ಪು ನಿಂದೇ' ಅಂತಿದ್ದಾನೆ. ಗೊತ್ತಿರೋರು ಬಿಡಿಸಿ ಹೇಳಿ, ಅವನಿಗೆ ಓದಿ ಹೇಳಬೇಕು.

ಬಿತ್ತನೆಗೂಡು:
ಅಕ್ಕಾ, ನಾನು ಗ್ರೇನೇಜಿನಲ್ಲಿ, ಅಂದ್ರೆ ರೇಷ್ಮೆ ಹುಳದ ಮೊಟ್ಟೆ ತಯಾರಿಸೋ ಕಡೆ, ಕೆಲಸ ಮಾಡೋನು. ತರಬೇತಿಯಲ್ಲಿ ಹೇಳಿದ್ದು ನಿಜ, ಆದರೆ ಹುಳದ ಮಟ್ಟಿಗೆ ಮಾತ್ರ. ಮೈಸೂರು ತಳಿ ಹೆಣ್ಣಿಗೆ ಬೈವೋಲ್ಟಿನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗಂಡು ಕೂಡಿಸಬೇಕಾದಾಗ ಗೂಡು ಕೊಯ್ದು, ಒಳಗಿರೋ ಪ್ಯೂಪಾ (ಚಿಟ್ಟೆಯಾಗೋ ಮುಂಚಿನ ಕೋಶ) ತಿರುಗಿಸಿ ಹೊಟ್ಟೆಯ ತುದಿ ನೋಡ್ತೀವಿ. ಎಂಟನೇ ಖಂಡದಲ್ಲಿ ಸಣ್ಣ ಗೀಟು ಇದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆ ಇದ್ದರೆ ಗಂಡು. ಆ ಗೀಟು, ಚುಕ್ಕೆ ಮೂಡುವ ಎಷ್ಟೋ ಮೊದಲೇ, ಮೊಟ್ಟೆಯಲ್ಲೇ ಅದು ತೀರ್ಮಾನವಾಗಿರುತ್ತೆ. ತೀರ್ಮಾನಿಸೋದು ಕ್ರೋಮೋಸೋಮು, ಅಂದ್ರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತಿರೋ ಎಳೆಗಳು. ಗಂಡು ಚಿಟ್ಟೆಗೆ ಎರಡೂ ಝಡ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯು. ತಾಯಿಯ ಮೊಟ್ಟೆ ಡಬ್ಲ್ಯು ಹೊತ್ತು ಬಂದರೆ ಮರಿ ಹೆಣ್ಣು. ಕೋಳಿಯಲ್ಲೂ ಇದೇ ಲೆಕ್ಕ.

ಮನುಷ್ಯರಲ್ಲಿ ಪೂರ್ತಿ ತಿರುಗುಮುರುಗು. ಹೆಂಗಸಿಗೆ ಎರಡೂ ಎಕ್ಸ್, ಗಂಡಸಿಗೆ ಎಕ್ಸ್ ಮತ್ತು ವೈ. ನಿಮ್ಮ ತಂಗಿಯ ಅಂಡದಲ್ಲಿ ಎಕ್ಸ್ ಬಿಟ್ಟು ಬೇರೆ ಇರೋದೇ ಇಲ್ಲ, ಇಲ್ಲದ ವೈ ಅವರು ಎಲ್ಲಿಂದ ತರಬೇಕು? ಅದು ಬರೋದು ಗಂಡನ ವೀರ್ಯಾಣುವಿನಿಂದ.

ಪಿಯು ಜೀವಶಾಸ್ತ್ರ:
'ಹುಳದಲ್ಲಿ ಹಾಗೆ' ಅನ್ನೋದೂ ಎಲ್ಲ ಹುಳಕ್ಕೆ ಹೊಂದಲ್ಲ. 1905ರಲ್ಲಿ ಅಮೆರಿಕದ ನೆಟ್ಟೀ ಸ್ಟೀವನ್ಸ್ ನೋಡಿದ್ದು ಹಿಟ್ಟಿನ ಹುಳವನ್ನು. ಹೆಣ್ಣಿನಲ್ಲಿ 20 ದೊಡ್ಡ ಕ್ರೋಮೋಸೋಮು, ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ಆ ಪುಟ್ಟದ್ದು, ಅಂದ್ರೆ ವೈ, ಹೊತ್ತ ವೀರ್ಯಾಣು ಸೇರಿದರೆ ಗಂಡು ಅಂತ ಅವರು ತೋರಿಸಿಕೊಟ್ಟರು. ಮನುಷ್ಯರ ವೈ ಮೇಲಿರುವ ಎಸ್‌ಆರ್‌ವೈ ಜೀನ್ ಸಿಕ್ಕಿದ್ದು 1990ರಲ್ಲಿ. ಅದು ಭ್ರೂಣದಲ್ಲಿ ವೃಷಣ ಬೆಳೆಯೋಕೆ ಚಾಲನೆ ಕೊಡುತ್ತೆ. ಅಪರೂಪಕ್ಕೆ ಅದು ಎಕ್ಸ್ ಮೇಲೆ ಹಾರಿ ಕೂತರೆ, ಎರಡು ಎಕ್ಸ್ ಇದ್ದೂ ಗಂಡಾಗಿ ಬೆಳೆಯೋರಿದ್ದಾರೆ.

ಹಿಪ್ಪುನೇರಳೆ:
ಇಬ್ಬರಿಗೂ ತುಂಬಾ ಉಪಕಾರ. ಹಾಗಾದ್ರೆ ತಪ್ಪು ಅವನದ್ದು ಅಂತ ಹೇಳಲಾ? ಮೂರನೇ ಸಲ ಬಸುರಿಯಾದರೆ ಗಂಡಾಗೋಕೆ ನಾಟಿ ಔಷಧಿ ಕೊಡಿಸ್ತೀನಿ ಅಂತ ಅವಳ ಅತ್ತೆ ಈಗಲೇ ಹೇಳ್ತಿದ್ದಾರೆ.

ಬಿತ್ತನೆಗೂಡು:
ಬೇಡ ಅಕ್ಕಾ, ಹೆಣ್ಣು ಹುಟ್ಟಿದ್ದು ಯಾರ ತಪ್ಪೂ ಅಲ್ಲ. ವೀರ್ಯಾಣುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಎಕ್ಸ್, ಅರ್ಧ ವೈ. ಯಾವುದು ಮೊದಲು ಅಂಡ ಸೇರುತ್ತೋ ಅದು ಅವನ ಕೈಲೂ ಇಲ್ಲ. ಎರಡು ಹೆಣ್ಣಾದ ಮೇಲೂ ಮೂರನೆಯದಕ್ಕೆ ಅದೇ ಅರ್ಧಕ್ಕರ್ಧ. ಔಷಧಿ ಮಾತ್ರ ಖಂಡಿತ ಬೇಡ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಎಕ್ಸೋ ವೈಯೋ ಸೇರಿ ಆಗಿರುತ್ತೆ, ಯಾವ ಬೇರು ಅರೆದು ಕುಡಿಸಿದರೂ ಅದು ಬದಲಾಗಲ್ಲ. ಅದರಲ್ಲಿ ಏನೇನು ಬೆರೆಸಿರ್ತಾರೋ, ಹೊಟ್ಟೆಯಲ್ಲಿರೋ ಕೂಸಿಗೆ ಅಪಾಯ. ಸ್ಕ್ಯಾನಿಂಗಿನಲ್ಲಿ ಗಂಡಾ ಹೆಣ್ಣಾ ಕೇಳೋದೂ ಹೇಳೋದೂ 1994ರ ಕಾಯ್ದೆ ಪ್ರಕಾರ ಅಪರಾಧ, ಅದನ್ನೂ ಅವರ ಕಿವಿಗೆ ಹಾಕಿ. ಬಾಣಂತಿ ಚೆನ್ನಾಗಿದ್ದಾರಾ?