ಗಂಡನ ಸೀಟಲ್ಲಿ ಗೆದ್ದರೆ ಅದು ಗೆಲುವಲ್ವಾ?

ಬಯಲುಸೀಮೆಯವ:
ಹೆಂಗಸರಿಗೆ ಓಟು ಕೊಟ್ಟ ಮೊದಲ ದೇಶ ನ್ಯೂಜಿಲೆಂಡ್, 1893ರಲ್ಲಿ. ಆದರೆ ಅಲ್ಲಿನ ಪಾರ್ಲಿಮೆಂಟಿಗೆ ಮೊದಲ ಹೆಂಗಸು ಕಾಲಿಟ್ಟಿದ್ದು 1933ರಲ್ಲಿ. ನಲವತ್ತು ವರ್ಷ ಬೇಕಾಯಿತು! ಅದೂ ಎಲಿಜಬೆತ್ ಮೆಕೋಂಬ್ಸ್ ಗೆದ್ದಿದ್ದು ಗಂಡ ತೀರಿಕೊಂಡು ಖಾಲಿಯಾದ ಲಿಟಲ್ಟನ್ ಸೀಟಲ್ಲಿ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಕೂತ ಮೊದಲ ಹೆಂಗಸು ನ್ಯಾನ್ಸಿ ಆಸ್ಟರ್ ಕತೆಯೂ ಅಷ್ಟೇ. ಗಂಡ ಲಾರ್ಡ್ ಆಗಿ ಮೇಲ್ಮನೆಗೆ ಹೋದ, 1919ರಲ್ಲಿ ಪ್ಲಿಮತ್ ಸಟನ್ ಸೀಟು ಹೆಂಡತಿಗೆ ಬಂತು. 1943ರಲ್ಲಿ ಆಸ್ಟ್ರೇಲಿಯಾದ ಕೆಳಮನೆಗೆ ಗೆದ್ದ ಮೊದಲ ಹೆಂಗಸು ಈನಿಡ್ ಲಯನ್ಸ್ ಪ್ರಧಾನಿಯ ವಿಧವೆ. ಇದನ್ನೆಲ್ಲ ಓದಿದರೆ ಪಂಚಾಯಿತಿ ಮೀಟಿಂಗಿನಲ್ಲಿ ಅಧ್ಯಕ್ಷೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುವ ಗಂಡಂದಿರೇ ನೆನಪಾಗುತ್ತಾರೆ. ದಾರಿ ತೋರಿದವರು ಅಂತ ಇವರನ್ನು ಹೊಗಳುವುದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ?

ವೆಲ್ಲಿಂಗ್ಟನ್ ಕನ್ನಡತಿ:
ಆ ನಲವತ್ತು ವರ್ಷದಲ್ಲಿ ಇಪ್ಪತ್ತಾರು ವರ್ಷ ಕಾನೂನೇ ಅಡ್ಡ ಇತ್ತು. ಓಟು ಹಾಕಬಹುದು, ಚುನಾವಣೆಗೆ ನಿಲ್ಲುವ ಹಾಗಿಲ್ಲ. ಆ ಹಕ್ಕು ಸಿಕ್ಕಿದ್ದು 1919ರಲ್ಲಿ. ಅದೇ ವರ್ಷ ಮೂವರು ನಿಂತರು, ಮೂವರೂ ಸೋತರು. ಅವರಲ್ಲಿ ಎಲೆನ್ ಮೆಲ್ವಿಲ್ ವಕೀಲೆ, ಆಕ್ಲೆಂಡ್ ನಗರಸಭೆಯಲ್ಲಿ ಪಳಗಿದವರು. ಆಮೇಲೂ ಮತ್ತೆ ಮತ್ತೆ ನಿಂತರು, ಒಮ್ಮೆಯೂ ಗೆಲ್ಲಲಿಲ್ಲ.

ಇನ್ನು ಮೆಕೋಂಬ್ಸ್. ಆಕೆ 1921ರಿಂದಲೇ ಕ್ರೈಸ್ಟ್‌ಚರ್ಚ್ ನಗರಸಭೆ ಸದಸ್ಯೆ. 1928ರಲ್ಲಿ ಕೈಯಾಪೋಯಿಯಲ್ಲಿ, 1931ರಲ್ಲಿ ಕ್ರೈಸ್ಟ್‌ಚರ್ಚ್ ನಾರ್ತ್‌ನಲ್ಲಿ ನಿಂತು ಸೋತಿದ್ದರು. ಆಗ ಗಂಡ ಜೇಮ್ಸ್ ಬದುಕಿದ್ದರು, ಅವರೇ ಲಿಟಲ್ಟನ್‌ನಲ್ಲಿ ನಿಂತಿದ್ದರು. 1931ರಲ್ಲಿ ಜೇಮ್ಸ್ ಗೆದ್ದಿದ್ದು ಎಷ್ಟು ಓಟಲ್ಲಿ ಗೊತ್ತಾ? 32. ಎರಡು ವರ್ಷದ ನಂತರ ಅದೇ ಸೀಟಲ್ಲಿ ಎಲಿಜಬೆತ್ ಗೆದ್ದ ಅಂತರ ಸುಮಾರು 2,600. ಗಂಡ ಬಿಟ್ಟುಹೋಗಿದ್ದು ಕೈಜಾರುತ್ತಿದ್ದ ಸೀಟು. ಅದನ್ನು ಗಟ್ಟಿ ಮಾಡಿದ್ದು ಈಕೆ.

ಬಯಲುಸೀಮೆಯವ:
ಅನುಕಂಪದ ಅಲೆ ಅಂತ ಒಂದಿದೆ ಮೇಡಂ. ನಮ್ಮ ಕಡೆ ಅದನ್ನು ಬೇಕಾದಷ್ಟು ನೋಡಿದ್ದೇವೆ. ಜೊತೆಗೆ ಅದು ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ಲದ ಜನ ಲೇಬರ್ ಪಕ್ಷದ ಕಡೆ ವಾಲಿದ್ದರು. ಅದು ಬಿಡಿ, 1935ರಲ್ಲಿ ಆಕೆ ತೀರಿಕೊಂಡ ಮೇಲೆ ಅದೇ ಸೀಟಲ್ಲಿ ಗೆದ್ದವರು ಯಾರು? ಮಗ ಟೆರಿ! ಗಂಡ, ಹೆಂಡತಿ, ಮಗ. ಹಾಸನದವರೋ ಶಿವಮೊಗ್ಗದವರೋ ಆಗಿದ್ದರೆ ನೀವೇ ಬಾಯಿ ತುಂಬ ಬೈಯುತ್ತಿದ್ದಿರಿ.

ಲೆಕ್ಕದ ಮೇಷ್ಟ್ರು:
ಮಧ್ಯೆ ಒಂದು ಮಾತು. ಈನಿಡ್ ಲಯನ್ಸ್ ಗಂಡನ ಸೀಟು ವಿಲ್ಮಟ್. ಆಕೆ ಗೆದ್ದಿದ್ದು ಟಾಸ್ಮೇನಿಯಾದ್ದೇ ಡಾರ್ವಿನ್ ಕ್ಷೇತ್ರದಲ್ಲಿ, ಅದೂ ಗಂಡ ಸತ್ತು ನಾಲ್ಕು ವರ್ಷ ಆದ ಮೇಲೆ. ಹನ್ನೆರಡು ಮಕ್ಕಳನ್ನು ಹೆತ್ತವರು. ಅಲೆ ಅಷ್ಟು ದಿನ ನಿಲ್ಲುತ್ತದೆಯೇ?

ಆದರೆ ನಾನು ಹೇಳಬೇಕೆಂದಿದ್ದು ಫಿನ್‌ಲ್ಯಾಂಡ್ ಬಗ್ಗೆ. ಅಲ್ಲಿ 1906ರಲ್ಲಿ ಓಟು ಹಾಕುವ ಹಕ್ಕು, ನಿಲ್ಲುವ ಹಕ್ಕು ಎರಡೂ ಒಟ್ಟಿಗೇ ಬಂದವು. 1907ರ ಮೊದಲ ಚುನಾವಣೆಯಲ್ಲೇ 200 ಸೀಟುಗಳಲ್ಲಿ 19 ಹೆಂಗಸರು! ಅವರಲ್ಲಿ ಮೀನಾ ಸಿಲ್ಲನ್‌ಪ್ಯಾ ಮನೆಗೆಲಸ ಮಾಡಿ ಬದುಕಿದವರು. 1926ರಲ್ಲಿ ಮಂತ್ರಿಯೂ ಆದರು. ಅಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ ಅಂತಿಲ್ಲ. ಪಕ್ಷಕ್ಕೆ ಬಿದ್ದ ಓಟಿನ ಪಾಲಿಗೆ ತಕ್ಕಂತೆ ಹಲವರು ಗೆಲ್ಲುತ್ತಾರೆ. ಹೆಂಗಸಿಗೆ ಟಿಕೆಟ್ ಕೊಡಬೇಕಾದರೆ ಒಬ್ಬ ಗಂಡಸಿನ ಕೈಯಿಂದ ಕಿತ್ತುಕೊಳ್ಳಬೇಕಾಗಿಲ್ಲ. ಒಂದು ಕ್ಷೇತ್ರಕ್ಕೆ ಒಂದೇ ಟಿಕೆಟ್ ಇದ್ದರೆ ಅದು ಹೆಂಗಸಿನ ಕೈಗೆ ಬರುವುದು ಸೀಟು ಖಾಲಿಯಾದಾಗ, ಇಲ್ಲ ಹೇಗೂ ಸೋಲುವ ಸೀಟಾದಾಗ.

ಕಡಲತಡಿಯವಳು:
ಹಾಗೆ ಪಾಲಿನ ಲೆಕ್ಕ ಇಲ್ಲದ ಕಡೆಯೂ ಗಂಡನ ಹಂಗಿಲ್ಲದೆ ಗೆದ್ದವರಿದ್ದಾರೆ. ಕೆನಡಾದ ಆಗ್ನೆಸ್ ಮ್ಯಾಕ್‌ಫೇಲ್ ಹಳ್ಳಿ ಮೇಷ್ಟರು, ಮದುವೆಯಾದವರಲ್ಲ, 1921ರಲ್ಲಿ ಗೆದ್ದರು. ಅಮೆರಿಕದ ಜೆನೆಟ್ ರ‍್ಯಾಂಕಿನ್ 1916ರಲ್ಲೇ ಗೆದ್ದರು, ದೇಶದ ಎಲ್ಲ ಹೆಂಗಸರಿಗೂ ಓಟು ಸಿಗುವ ಮೊದಲೇ! ಆಕೆಯ ಮೊಂಟಾನಾ ರಾಜ್ಯ 1914ರಲ್ಲೇ ಕೊಟ್ಟಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತರು. ಅದು ಪ್ರಾಂತ್ಯದ ಸಭೆ, ನಿಜ. ಹೆಂಗಸರು ನಿಲ್ಲಬಹುದು ಅಂತ ನಿಯಮ ಬದಲಾದದ್ದೇ ಕೊನೆ ಗಳಿಗೆಯಲ್ಲಿ. ನಿಲ್ಲು ಅಂತ ಬೆನ್ನು ತಟ್ಟಿದವರು ಹೆಂಗಸರ ಹಕ್ಕಿಗೆ ಹೋರಾಡುತ್ತಿದ್ದ ಮಾರ್ಗರೆಟ್ ಕಸಿನ್ಸ್. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಆಗ ಓಟು ಇದ್ದದ್ದು ಆಸ್ತಿ ಇದ್ದವರಿಗೆ ಮಾತ್ರ, ಅದರಲ್ಲಿ ಹೆಂಗಸರು ಬೆರಳೆಣಿಕೆ. ಅಂದರೆ ಗಂಡಸರ ಓಟು ಕೇಳಿಯೇ ಕೂದಲೆಳೆ ಅಂತರದಲ್ಲಿ ಸೋತರು. ಸೋತವರ ಹೆಸರು ಯಾಕೆ ಯಾರೂ ಎತ್ತಲ್ಲ?

ವೆಲ್ಲಿಂಗ್ಟನ್ ಕನ್ನಡತಿ:
ಅದಕ್ಕೇ ನಾನು ಮೆಲ್ವಿಲ್ ಹೆಸರು ಹೇಳಿದ್ದು. ಇಲ್ಲಿ ನ್ಯಾಷನಲ್ ಲೈಬ್ರರಿಯಲ್ಲಿ 1893ರ ಮನವಿ ಪತ್ರ ಇಟ್ಟಿದ್ದಾರೆ. ಓಟು ಕೊಡಿ ಅಂತ ಊರೂರಿನ ಹೆಂಗಸರು ಹಾಕಿದ ಸಹಿಗಳು. ಎಲ್ಲ ಮನವಿಗಳನ್ನೂ ಸೇರಿಸಿದರೆ ಸುಮಾರು 32,000. ದೊಡ್ಡ ಮನವಿಯ ಹಾಳೆಗಳನ್ನು ಆ ಹೋರಾಟದ ಮುಂದಾಳು ಕೇಟ್ ಶೆಪರ್ಡ್ ಒಂದಕ್ಕೊಂದು ಅಂಟಿಸಿ, ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಜಾನ್ ಹಾಲ್ ಅನ್ನುವ ಸದಸ್ಯರು ಅದನ್ನು ಸದನದ ನಡುವೆ ಉರುಳಿಸಿದಾಗ ಆ ಕೋಲು ಆಚೆ ತುದಿಗೆ ಹೋಗಿ ದಡ್ ಅಂತ ಬಡಿಯಿತಂತೆ. ಅಷ್ಟು ಜನ ಕೇಳಿದ್ದಕ್ಕೆ ಓಟು ಸಿಕ್ಕಿತು. ಟಿಕೆಟ್ ಕೊಡುವ ಕೋಣೆಯಲ್ಲಿ ಹಾಗೆ ಉರುಳಿಸುವವರು ಯಾರೂ ಇರಲಿಲ್ಲ.

ಬಯಲುಸೀಮೆಯವ:
ಸರಿ, ಬೈಗುಳ ಪಕ್ಷಗಳಿಗೇ ಹೋಗಲಿ. ಆದರೂ ಒಳಗೆ ಹೋಗಿ ಮಾಡಿದ್ದೇನು ಅಂತಲೂ ನೋಡಬೇಕು. ಲಯನ್ಸ್ 1949ರಲ್ಲಿ ಸಂಪುಟ ಸೇರಿದರು, ಖಾತೆಯೇ ಇಲ್ಲ. ನನ್ನನ್ನು ಕರೆದದ್ದು ಟೀ ಬಗ್ಗಿಸಿಕೊಡುವುದಕ್ಕೆ ಅಂತ ಆಕೆಯೇ ಚಟಾಕಿ ಹಾರಿಸಿದ್ದಾರೆ.

ಕಡಲತಡಿಯವಳು:
ಖಾತೆ ಕೊಡದೆ ಕೂರಿಸಿದ್ದು ಯಾರು ಸ್ವಾಮಿ? ಆಸ್ಟರ್ ನೋಡಿ. ಅವರ ರಾಜಕೀಯ ನನಗೆ ಅಷ್ಟೇನೂ ಇಷ್ಟವಿಲ್ಲ, ಆ ಮಾತು ಬೇರೆ. ಆದರೆ ಹದಿನೆಂಟು ತುಂಬದವರಿಗೆ ಪಬ್ಬಿನಲ್ಲಿ ಹೆಂಡ ಮಾರಬಾರದು ಅನ್ನುವ 1923ರ ಕಾನೂನು ಆಕೆ ತಂದದ್ದು. ಮೆಕೋಂಬ್ಸ್ ಸದನದಲ್ಲಿ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಅಷ್ಟರಲ್ಲೇ ಸಮಾನ ಸಂಬಳ, ಹೆಂಗಸರಿಗೆ ಪೊಲೀಸ್ ಕೆಲಸ ಅಂತ ಪಟ್ಟು ಹಿಡಿದರು. ಅಂದಹಾಗೆ, ಟೆರಿಯನ್ನು ‘ಅಮ್ಮನ ಸೀಟಿನವನು’ ಅಂತ ನೀವೂ ಕರೆಯಲಿಲ್ಲ ನೋಡಿ.